ಬೇರೆ ಕೋವಿಗೆ ಕೂರದ ತೋಟೆ

ಪುವೊಲಂಕಾ,
ಮಂಗಳವಾರ, ಅಕ್ಟೋಬರ್ 13, 1987

ಪ್ರೀತಿಯ ಕಲೆರ್ವೊ,

ಹೇಗಿದ್ದೀಯ? ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಮಾತು ನಿಂತುಹೋಗುವ ಮೊದಲು ಮಾತ್ರ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದೆಯಾ? ನಿನ್ನ ಬಾಯಿಂದ ಒಂದು ಹೂಂ ಬರಬೇಕಾದರೂ ಲೋಟದ ಕಾಫಿ ಮುಗಿಯಬೇಕಿತ್ತು. ಜ್ವರ ಇಳಿಯಿತೇ? ಬೆನ್ನಿನ ಹುಣ್ಣು ಮಾಯುತ್ತಿದೆಯೇ? ಕಳೆದ ಗುರುವಾರ ಬಂದಾಗ ನಿನ್ನ ಪಾದ ಮುಟ್ಟಿ ನೋಡಿದೆ, ತಣ್ಣಗಿತ್ತು. ಅದಕ್ಕೇ ಈ ಪತ್ರದ ಜೊತೆ ಬೂದು ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ. ಹಿಮ್ಮಡಿಯ ಹತ್ತಿರ ಹೆಣಿಗೆ ತಪ್ಪಿದೆ, ಯಾರು ನೋಡುತ್ತಾರೆ ಬಿಡು. ಪಿರ್ಯೊ, ಇದನ್ನು ಅವನಿಗೆ ಓದಿ ಹೇಳುವವಳು ನೀನೇ ಎಂದು ಗೊತ್ತು. ಆ ವಾರ್ಡಿನ ದಾದಿಯರಲ್ಲಿ ಅವನನ್ನು ಹೆಸರು ಹಿಡಿದು ಮಾತನಾಡಿಸುವವಳು ನೀನೊಬ್ಬಳೇ. ಒಂದು ಸಾಲೂ ಬಿಡದೆ ಓದು, ಆದರೆ ಮೆಲ್ಲಗೆ ಓದು. ಪಕ್ಕದ ಹಾಸಿಗೆಯ ಮುದುಕನ ಕಿವಿ ಚೆನ್ನಾಗಿದೆ, ಅವನ ಹೆಂಡತಿಯ ಬಾಯಿ ಇನ್ನೂ ಚೆನ್ನಾಗಿದೆ.

ಮನೆಯ ಸುದ್ದಿ ಹೇಳುತ್ತೇನೆ. ಆಲೂಗಡ್ಡೆ ಅಗೆದು ನೆಲಮಾಳಿಗೆಗೆ ಹಾಕಿದ್ದಾಯಿತು. ಕಾಡಿನ ಕೆಂಪು ಹಣ್ಣು ಈ ವರ್ಷ ಬಕೆಟ್‌ಗಟ್ಟಲೆ ಸಿಕ್ಕಿತು, ಜಾಡಿಗಳು ಸಾಲದೆ ನಿನ್ನ ಉಪ್ಪುಮೀನಿನ ಜಾಡಿಯನ್ನೂ ತೊಳೆದು ತುಂಬಿದೆ, ಈಗ ಆ ಜಾಮು ಮೀನು ಮೀನು ಅನ್ನುತ್ತದೆ. ಭಾನುವಾರ ಮೊದಲ ಹಿಮ ಬಿತ್ತು, ಇನ್ನೂ ಕರಗಿಲ್ಲ. ಯಲ್ಮಾರಿ ಬಂದು ಸೌದೆ ಸೀಳಿ ಒಟ್ಟಿಕೊಟ್ಟ, ಎರಡು ತಟ್ಟೆ ಬಟಾಣಿ ಸಾರು ಕುಡಿದು ಹೋದ. ಶನಿವಾರ ಮೂಸ್ ಜಿಂಕೆಗಳ ಬೇಟೆ ಶುರು. ಜೌಗಿನ ಅಂಚಿನ ನಿನ್ನ ಅಟ್ಟಣೆಯ ಮೇಲೆ ಈ ಸಲ ಯಾರನ್ನು ಕೂರಿಸುವುದು ಎಂದು ತಂಡದ ಮುಖಂಡನಾಗಿ ಅವನು ಕೇಳಬೇಕು, ಕೇಳಲು ಬಾಯಿ ಬರುತ್ತಿಲ್ಲ. ಹಿಮದ ಬಗ್ಗೆ, ಮೂಸಿನ ಹೆಜ್ಜೆಯ ಬಗ್ಗೆ, ತನ್ನ ಮೊಣಕಾಲಿನ ಬಗ್ಗೆ ಏನೇನೋ ಮಾತಾಡಿ ಟೋಪಿ ಹಾಕಿಕೊಂಡು ಎದ್ದ.

ಈಗ ಡಾಕ್ಟರ ವಿಷಯ. ಅವರು ಒಳ್ಳೆಯ ಮನುಷ್ಯ, ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು. ನಿನ್ನ ಎದೆಗೆ ಮತ್ತೆ ಸೋಂಕು ತಗಲುತ್ತದಂತೆ, ಇಂದಲ್ಲ ನಾಳೆ ತಗಲಿಯೇ ತಗಲುತ್ತದಂತೆ. ಆಗ ಔಷಧಿ ಕೊಟ್ಟು ತಡೆಯಬೇಕೋ, ಅಥವಾ ನೋವಾಗದ ಹಾಗೆ ನೋಡಿಕೊಂಡು ಸುಮ್ಮನೆ ಬಿಡಬೇಕೋ, ಈ ಗುರುವಾರ ನಾನು ಹೇಳಬೇಕು. ನಮ್ಮ ತೂಲಿಕ್ಕಿ ಪಕ್ಕದಲ್ಲೇ ಇದ್ದಳು. "ಅಪ್ಪಂಗೆ ಇನ್ನು ಸಾಕಮ್ಮಾ" ಅಂದವಳೇ ಹೊರಗೆ ಹೋಗಿ ಅತ್ತಳು. ಮಗಳು ಕಲ್ಲುಹೃದಯದವಳು ಅಂತ ತಿಳಿಯಬೇಡ, ನಿನ್ನ ಮೇಲೆ ನನಗಿಂತ ಹೆಚ್ಚು ಪ್ರೀತಿ ಅವಳಿಗೆ. ನಿನ್ನನ್ನು ಕೇಳದೆ ನಿನ್ನ ಪ್ರಾಣದ ವಿಷಯ ನಾನು ಹೇಗೆ ತೀರ್ಮಾನ ಮಾಡಲಿ? ಕೇಳುವ ದಾರಿ ಇಲ್ಲ ಎಂದು ಡಾಕ್ಟರು ತಿಳಿದಿದ್ದಾರೆ. ನೀನು ಆಸ್ಪತ್ರೆಯಲ್ಲಷ್ಟೇ ಇಲ್ಲ ಎಂಬುದು ಅವರಿಗೆ ಗೊತ್ತಿಲ್ಲ.

ಪಿರ್ಯೊ, ನಿಮ್ಮ ಮನೆಯಲ್ಲಿ ಯಾರೂ ಕೋವಿ ಮುಟ್ಟಿದವರಲ್ಲ ಅಂದಿದ್ದೆ, ನಿನಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಲೆರ್ವೊ, ನೀನು ತಪ್ಪು ಹುಡುಕಬೇಡ. ತೋಟೆಯ ಹಿತ್ತಾಳೆ ಒಂದು ಸಲ ಈಡು ಹಾರಿಸಿ ಬಿಸಾಡುವ ವಸ್ತುವಲ್ಲ. ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು, ಒಳಗೆ ಮದ್ದು, ತುದಿಗೆ ಗುಂಡು ಹಾಕಿದರೆ ಮತ್ತೆ ಮತ್ತೆ ಬರುತ್ತದೆ. ಆದರೆ ಈಡು ಹಾರುವಾಗ ಆ ಹಿತ್ತಾಳೆ ಉಬ್ಬಿ, ತಾನು ಕೂತಿರುವ ಗೂಡಿನ ಗೋಡೆಗೆ ಒತ್ತಿಕೊಂಡು, ಆ ಗೂಡಿನದೇ ಆಕಾರ ತಾಳುತ್ತದೆ. ಗೂಡು ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗ. ಒಂದು ಕೋವಿಯ ಗೂಡು ಇದ್ದ ಹಾಗೆ ಇನ್ನೊಂದರದು ಇರುವುದಿಲ್ಲ, ಹೊರಗೆ ಒಂದೇ ಅಳತೆ ಕೊರೆದಿದ್ದರೂ ಒಳಗೆ ಕೂದಲೆಳೆಯಷ್ಟು ಹೆಚ್ಚುಕಡಿಮೆ. ಹಾಗೆ ಉಬ್ಬಿದ್ದನ್ನು ಉಕ್ಕಿನ ಅಚ್ಚಿಗೆ ತುರುಕಿ ಮತ್ತೆ ಬಿಗಿ ಮಾಡಬೇಕು. ಮೇಜಿಗೆ ಜಡಿದ ಪ್ರೆಸ್ಸಿನ ಹಿಡಿ ಎಳೆದರೆ ತೋಟೆ ಅಚ್ಚಿನೊಳಗೆ ಏರುತ್ತದೆ, ಸುಟ್ಟ ಕೇಪು ಕೆಳಗಿನ ಡಬ್ಬಿಗೆ ಟಿಣ್ಣೆಂದು ಬೀಳುತ್ತದೆ. ಅಚ್ಚಿನಲ್ಲಿ ಎರಡು ಬಗೆ. ಒಂದು, ಗುಂಡು ಹಿಡಿದಿಡುವ ತುದಿಯ ಕತ್ತನ್ನು ಮಾತ್ರ ಬಿಗಿ ಮಾಡುತ್ತದೆ, ಮೈಯನ್ನು ಮುಟ್ಟುವುದಿಲ್ಲ. ಹಾಗೆ ಮಾಡಿದ ತೋಟೆ ತನ್ನ ಕೋವಿಗೆ ಮಾತ್ರ ಸರಿಯಾಗಿ ಕೂರುತ್ತದೆ, ಬೇರೆ ಕೋವಿಗೆ ಹಾಕಿದರೆ ಗೂಡಿನ ಬಾಗಿಲಾದ ಬೋಲ್ಟು ಮುಚ್ಚುವುದಿಲ್ಲ. ಇನ್ನೊಂದು ಬುಡದಿಂದ ತುದಿಯವರೆಗೆ ಇಡೀ ಮೈಯನ್ನು ಹಿಂಡಿ, ಕಾರ್ಖಾನೆಯಿಂದ ಬಂದ ದಿನದ ಅಳತೆಗೆ ತರುತ್ತದೆ. ಅದು ಯಾರ ಕೋವಿಗಾದರೂ ಕೂರುತ್ತದೆ.

ಕಲೆರ್ವೊ ಜನ್ಮವಿಡೀ ಮಾಡಿದ್ದು ಮೊದಲನೆಯ ಬಗೆ. ಕತ್ತು ಬಿಗಿ ಮಾಡುವುದು ಅವನ ಕೆಲಸ, ಮದ್ದು ತೂಗಿ ತುಂಬಿ ಗುಂಡು ಕೂರಿಸುವುದು ನನ್ನ ಕೆಲಸ, ನಮ್ಮ ಸಂಸಾರದಲ್ಲಿ ಜಗಳವಿಲ್ಲದೆ ನಡೆದದ್ದು ಇದೊಂದೇ. ಜಗಳ ಇರಲಿಲ್ಲ ಅಂದರೆ ಅದೂ ಸುಳ್ಳು. ನನ್ನ ಕೋವಿ ನಮ್ಮಪ್ಪನದು, ಅಳತೆ ಎರಡರದೂ ಒಂದೇ, ಆದರೂ ಇಷ್ಟು ವರ್ಷದಲ್ಲಿ, ಕಲೆರ್ವೊ, ನಿನ್ನ ಒಂದು ತೋಟೆ ನನ್ನ ಕೋವಿಗೆ ಕೂತದ್ದಿಲ್ಲ. ಒಂದು ಹಿಡಿಯಷ್ಟರ ಮೈ ಹಿಂಡಿಕೊಡು, ನನ್ನವು ಮುಗಿದಿವೆ ಅಂದರೆ, "ನನ್ ಕೋವಿ ಕಲಿಸಿದ್ದನ್ನ ನಾನ್ಯಾಕೆ ಮರೆಸ್ಲಿ? ನಿಂಗೆ ಬೇಕಾದ್ರೆ ಹೊಸದು ತಗೋ" ಅನ್ನುತ್ತಿದ್ದೆ. ಕಪಾಟಿನಲ್ಲಿ ನಮ್ಮಿಬ್ಬರ ಡಬ್ಬಿಗಳು ಮಾತು ಬಿಟ್ಟ ಅತ್ತೆ ಸೊಸೆಯರ ಹಾಗೆ ಒಂದೊಂದು ಮೂಲೆಯಲ್ಲಿದ್ದವು. ಇಡೀ ಮೈ ಹಿಂಡುವ ಅಚ್ಚು ನಿನ್ನ ಹತ್ತಿರವೂ ಇತ್ತು, ನಮ್ಮ ತಂಡದಲ್ಲಿ ಎಲ್ಲರ ಹತ್ತಿರವೂ ಇರುತ್ತದೆ, ಆದರೆ ನಮ್ಮವರು ಅದನ್ನು ಹೊರತೆಗೆಯುವುದು ಬೇಟೆಯನ್ನೇ ಬಿಟ್ಟುಬಿಡುವಾಗ ಮಾತ್ರ. ಬಿಡುವವನು ತನ್ನ ತೋಟೆಗಳನ್ನೆಲ್ಲ ಆ ಅಚ್ಚಿನಲ್ಲಿ ಹಿಂಡಿ, ಯಾರಿಗಾದರೂ ಆಗುವಂತೆ ಮಾಡಿ, ಜೊತೆಯವರಿಗೆ ಹಂಚಿ ಮನೆಗೆ ಹೋಗುತ್ತಾನೆ. ಕಣ್ಣು ಮಂಜಾದ ವರ್ಷ ಮುದುಕ ಈಸಕ್ಕಿ ಹಾಗೇ ಮಾಡಿದ. ಬೆಂಕಿಯ ಸುತ್ತ ಕಾಫಿ ಕುಡಿಯುತ್ತಿದ್ದಾಗ ಚೀಲದಿಂದ ತೆಗೆದು ಒಬ್ಬೊಬ್ಬರ ಅಂಗೈಗೂ ಇಟ್ಟ. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳುವ ವಾಡಿಕೆಯೂ ಇಲ್ಲ.

ಶುರುವಾದದ್ದು ಆಗಸ್ಟಿನಲ್ಲಿ. ಜೂನ್‌ನಲ್ಲಿ ನೀನು ದೋಣಿಯ ಹತ್ತಿರ ಕುಸಿದು ಬಿದ್ದ ಮೇಲೆ ಅಂಗಳದಾಚೆಯ ಉಗಿಸ್ನಾನದ ಮನೆಗೆ, ನಿನ್ನ ಪ್ರೆಸ್ಸು ಇರುವ ಸೌನಾದ ಮುಂಗೋಣೆಗೆ, ನಾನು ಕಾಲಿಟ್ಟಿರಲಿಲ್ಲ. ಬಟ್ಟೆ ಒಗೆಯುವ ತೊಟ್ಟಿ ಬೇಕಾಗಿ ಹೋದೆ. ವಸಂತದಲ್ಲಿ ನೀನು ಗುರಿ ಹೊಡೆದು ತಂದಿಟ್ಟ ಖಾಲಿ ತೋಟೆಗಳ ತಟ್ಟೆ ಪ್ರೆಸ್ಸಿನ ಪಕ್ಕದಲ್ಲೇ ಇತ್ತು. ಕೇಪು ಉದುರಿಸಿ, ಕತ್ತು ಬಿಗಿ ಮಾಡಿ, ಸಾಲಾಗಿ ನಿಲ್ಲಿಸಿತ್ತು. ಯಲ್ಮಾರಿ ಮಾಡಿಕೊಟ್ಟು ಹೋಗಿರಬೇಕು ಅಂದುಕೊಂಡೆ. ಕೇಳಿದರೆ ಅವನು, "ನಾನ್ಯಾಕೆ ಅವನ ಪ್ರೆಸ್ ಮುಟ್ಲಿ ಹಿಲ್ಕಾ? ಅವನು ಎದ್ದು ಬಂದ್ರೆ ಮೊದ್ಲು ನನ್ ಕತ್ತನ್ನೇ ಆ ಅಚ್ಚಿಗೆ ಹಾಕ್ತಾನೆ" ಅಂದ. ಆಮೇಲೆ ನಾನು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕತ್ತಿನ ಬುಡದಲ್ಲಿ ನವಿರಾದ ಎರಡು ಗೆರೆ, ಒಂದರ ಮೇಲೊಂದು ಸರಿಯಾಗಿ ಕೂರದ ಗೆರೆ. ನೀನೊಬ್ಬನೇ ಒಂದು ಸಲ ಎಳೆದು, ತೋಟೆಯನ್ನು ಅರ್ಧ ತಿರುಗಿಸಿ, ಮತ್ತೊಂದು ಸಲ ಎಳೆಯುವವನು. ಸಮಯ ದಂಡ ಎಂದು ಇಡೀ ತಂಡ ನಿನ್ನನ್ನು ನೋಡಿ ನಗುತ್ತಿತ್ತು. ಪಕ್ಕದಲ್ಲಿ, ತೋಟೆ ಅಚ್ಚಿಗೆ ಸಿಕ್ಕದ ಹಾಗೆ ಹಚ್ಚುವ ಕುರಿಯುಣ್ಣೆಯ ಜಿಡ್ಡಿನ ಡಬ್ಬಿಯ ಮುಚ್ಚಳ ತೆಗೆದಿತ್ತು, ಜಿಡ್ಡಿನ ಮೇಲೆ ಹೆಬ್ಬೆರಳಿನ ಗುರುತು ಹೊಸದಾಗಿತ್ತು. ನಾನು ತೊಟ್ಟಿ ತೆಗೆದುಕೊಳ್ಳದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ನಾನೇ ಮಾಡಿ ಮರೆತಿರಬೇಕು ಎಂದು ನೀನು ಹೇಳುವ ಮೊದಲೇ ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆಗೆಂದು ಆ ತೋಟೆಗಳಿಗೆ ಮದ್ದು ತುಂಬಿ, ನಿನ್ನ ಕೋವಿಯಿಂದಲೇ ಮರಳುಗುಂಡಿಯಲ್ಲಿ ಹಾರಿಸಿ, ಖಾಲಿ ಮಾಡಿ ತಟ್ಟೆಯಲ್ಲಿಟ್ಟೆ. ಜೊತೆಗೆ ಯಲ್ಮಾರಿಯ ಕೋವಿಯ ಕೆಲವು ತೋಟೆಗಳನ್ನೂ ಬೆರೆಸಿದೆ. ಮಾರನೆಯ ದಿನ ಮಧ್ಯಾಹ್ನ ಹಗ್ಗಕ್ಕೆ ಹಾಸಿಗೆಬಟ್ಟೆ ಹಾಕುತ್ತಿದ್ದಾಗ ಕೇಳಿಸಿತು, ಟಿಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಣ್. ನಿನ್ನ ಕೆಲಸದ ಲಯ ನನಗೆ ಗೊತ್ತಿಲ್ಲವೇ? ಹಿಡಿ ಎಳೆಯುವ ಗಿರ್ರೆನ್ನುವ ಸದ್ದು, ಒಂದು ಉಸಿರಿನಷ್ಟು ನಿಲುಗಡೆ, ಮತ್ತೆ ಗಿರ್ರ್. ನಾನು ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಿದ್ದೆ, ಬಾಗಿಲವರೆಗೆ ಹೋಗುವ ಧೈರ್ಯ ಬರಲಿಲ್ಲ. ಸದ್ದು ನಿಂತ ಮೇಲೆ ಹೋಗಿ ನೋಡಿದರೆ ನಿನ್ನ ತೋಟೆಗಳೆಲ್ಲ ಆಗಿದ್ದವು. ಯಲ್ಮಾರಿಯವನ್ನು ಒಂದನ್ನೂ ಮುಟ್ಟದೆ, ಪರರ ಹಿತ್ತಾಳೆ ಕಂಡರೆ ನೀನು ಮಾಡುವ ಹಾಗೆ, ಮೇಜಿನ ಅಂಚಿನಲ್ಲಿ ಬೋರಲು ಹಾಕಿತ್ತು. ಒಳಗೆ ಯಾರೂ ಇರಲಿಲ್ಲ. ನಮ್ಮ ನಾಯಿ ಪೆನಿ ಮಾತ್ರ ಹೊಸ್ತಿಲ ಮೇಲೆ ಮಲಗಿ ಬಾಲದಿಂದ ನೆಲ ಬಡಿಯುತ್ತಿತ್ತು. ಅವತ್ತಿನಿಂದ ಆ ನಾಯಿ ಮನೆಯೊಳಗೆ ಮಲಗುವುದಿಲ್ಲ. ಈಗ ಹಿಮ ಬಿದ್ದಿದೆಯಲ್ಲ, ಅಂಗಳದಲ್ಲಿ ಸೌನಾಕ್ಕೆ ಹೋಗಿರುವುದು ನನ್ನ ಹೆಜ್ಜೆ ಮತ್ತು ಅದರ ಹೆಜ್ಜೆ, ಬೇರೆ ಯಾರದೂ ಇಲ್ಲ.

ತೂಲಿಕ್ಕಿ ಬಂದಾಗ ಹೇಳಿದೆ. ಮೊದಲು ಮುಖ ಸಣ್ಣ ಮಾಡಿಕೊಂಡಳು, "ಅಮ್ಮಾ, ನೀನು ನಿದ್ದೆ ಸರಿಯಾಗಿ ಮಾಡ್ತಿಲ್ಲ, ಊಟಾನೂ ಮಾಡ್ತಿಲ್ಲ" ಅಂದಳು. ಅವಳ ಕಣ್ಣಲ್ಲಿ ನನ್ನನ್ನು ಯಾವ ಡಾಕ್ಟರಿಗೆ ತೋರಿಸುವುದು ಎಂಬ ಲೆಕ್ಕಾಚಾರ ಕಾಣುತ್ತಿತ್ತು. ಆಯಿತು, ನೀನೇ ಹೋಗಿ ನೋಡು ಅಂದೆ. ಮಧ್ಯಾಹ್ನದ ಕಾಫಿಯ ಲೋಟ ಕೈಯಲ್ಲಿ ಹಿಡಿದೇ ಅಂಗಳ ದಾಟಿ ಹೋದಳು. ತಿರುಗಿ ಬಂದಾಗ ಲೋಟ ಇರಲಿಲ್ಲ, ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. "ಅಮ್ಮಾ, ಹಿಡಿ ಬೆಚ್ಚಗಿದೆ" ಅಂದಳು. ಅಷ್ಟೇ. ಪ್ರೆಸ್ಸಿನ ಹಿಡಿಯ ತುದಿಯ ಮರದ ಗುಂಡು, ಯಾರೋ ಈಗಷ್ಟೇ ಕೈ ಬಿಟ್ಟಿದ್ದಾರೆ ಅನ್ನುವ ಹಾಗೆ ಬೆಚ್ಚಗಿತ್ತಂತೆ. ಆಮೇಲೆ ಅವಳು ನನ್ನ ನಿದ್ದೆಯ ಮಾತು ಎತ್ತಿಲ್ಲ. ಮಾರನೆಯ ದಿನದ ಬಸ್ಸಿಗೇ ತನ್ನೂರು ಔಲುವಿಗೆ ಹೊರಟಳು, ಹೊರಡುವಾಗ ಸೌನಾದ ಕಡೆ ನೋಡದೆ ಬಳಸಿ ಹೋದಳು.

ಪಿರ್ಯೊ, ನಿನಗೆ ನೆನಪಿದೆಯಾ, ಸೆಪ್ಟೆಂಬರಿನ ಮೊದಲ ಗುರುವಾರ ನೀನು ನಗುತ್ತಾ ಹೇಳಿದೆ, "ನಿಮ್ಮ ಯಜಮಾನ್ರು ದಿನಾ ಮಧ್ಯಾಹ್ನ ಕಾಫಿ ಆದ್ಮೇಲೆ ನೀರಿನ ಪಂಪು ಹೊಡೀತಾರೆ, ಬಲಗೈ ಸುಮ್ನಿರೋದೇ ಇಲ್ಲ." ನಾನು ಅಲ್ಲೇ ಕೂತು ನೋಡಿದೆ. ಅದು ಪಂಪು ಅಲ್ಲ ಮಗಳೇ. ಕೈ ಗಾಳಿಯಲ್ಲಿ ಏನನ್ನೋ ಹಿಡಿದು ಕೆಳಗೆ ಎಳೆಯಿತು, ನಿಂತಿತು, ಬೆರಳುಗಳು ಏನನ್ನೋ ಅರ್ಧ ತಿರುಗಿಸಿದವು, ಮತ್ತೆ ಎಳೆಯಿತು. ಕಣ್ಣು ಚಾವಣಿ ನೋಡುತ್ತಿತ್ತು, ಕೈ ಮಾತ್ರ ನಮ್ಮ ಸೌನಾದಲ್ಲಿತ್ತು. ಆಗ ನಾನು ಎದ್ದೆ. ಕೋಟು ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿ ಅತ್ತೆ. ಹೆದರಿಕೆಗೆ ಅಲ್ಲ, ಸಂತೋಷಕ್ಕೆ ಅತ್ತೆ. ಕಲೆರ್ವೊ, ಎಲ್ಲರೂ ನಿನ್ನನ್ನು ಒಂದು ಮರದ ಕೊರಡು ಅನ್ನುತ್ತಿದ್ದಾಗ ನೀನು ದಿನಾ ಮನೆಗೆ ಬಂದು ಹೋಗುತ್ತಿದ್ದೆ. ನನಗೊಂದು ಮಾತು ಹೇಳದೆ ಬಂದು ಹೋಗುತ್ತಿದ್ದೆ, ಅದೂ ನಿನ್ನ ಹಳೆಯ ಚಾಳಿಯೇ.

ಹಾರಿಸಿದ ತೋಟೆಗಳನ್ನು ತಟ್ಟೆಯಲ್ಲಿ ಇಡುವುದು ಅಷ್ಟರಲ್ಲಿ ನನಗೆ ರೂಢಿಯಾಗಿತ್ತು. ಒಂದು ದಿನ ತಟ್ಟೆ ಖಾಲಿ ಬಿಟ್ಟು ನಾನು ಔಲುವಿಗೆ ಹೋದೆ, ಪಂಚಾಂಗದಲ್ಲಿ ಮೊಮ್ಮಗಳ ಹೆಸರು ಬರುವ ದಿನದ ಹಬ್ಬವಿತ್ತು. ಕೇಕು ಕತ್ತರಿಸುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ನಿನ್ನ ಉಸಿರು ಸಿಕ್ಕಿಹಾಕಿಕೊಂಡಿತ್ತು, ಜ್ವರ ಏರಿತ್ತು, ಬನ್ನಿ ಅಂದರು. ಹೇಗೋ ಆ ಸಲ ಉಳಿದೆ. ಕಾಕತಾಳೀಯ ಇರಬಹುದು. ಆದರೆ ಊರಿಗೆ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ನಿನ್ನ ಕೋವಿ ತೆಗೆದುಕೊಂಡು ಮರಳುಗುಂಡಿಗೆ ಹೋದದ್ದು. ಅವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಮದ್ದು ತೂಗಿ ತುಂಬುತ್ತೇನೆ, ಮರಳುಗುಂಡಿಗೆ ಹೋಗಿ ಹಾರಿಸುತ್ತೇನೆ, ಖಾಲಿ ತೋಟೆಗಳನ್ನು ಹೆಕ್ಕಿ ತಂದು ತಟ್ಟೆಯಲ್ಲಿಡುತ್ತೇನೆ, ಮಧ್ಯಾಹ್ನ ನೀನು ನಿನ್ನ ಕೆಲಸ ಮಾಡುತ್ತೀಯ. ಕೆಲಸ ಇರುವವರೆಗೆ ನೀನು ಇರುತ್ತೀಯ ಎಂದು ನಂಬಿದೆ. ಊರವರಿಗೆ ನನ್ನದು ತಲೆ ಕೆಟ್ಟಿದೆ. ಅಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತದೆ. ಯಲ್ಮಾರಿ ಒಂದು ದಿನ ಮರಳುಗುಂಡಿಯ ಅಂಚಿನಲ್ಲಿ ಬೈಸಿಕಲ್ಲು ಹಿಡಿದುಕೊಂಡು ನಿಂತಿದ್ದ. "ಹಿಲ್ಕಾ, ಆ ಮರಳು ನಿಂಗೇನ್ ಮಾಡ್ತು? ದಿನಾ ಹೊಡೀತಿದ್ದೀಯಲ್ಲ" ಅಂದ. ಗುರಿ ತಪ್ಪಿದೆ, ಅಭ್ಯಾಸ ಮಾಡುತ್ತಿದ್ದೇನೆ ಅಂದೆ. ಅವನು ಮರಳಿನಲ್ಲಿ ನಾನು ನೆಟ್ಟ ಹಲಗೆ ನೋಡಿದ. ಐದೂ ಈಡು ಒಂದು ಬಟ್ಟಲಿನಷ್ಟು ಜಾಗದಲ್ಲಿ ಬಿದ್ದಿದ್ದವು. "ಹೂಂ, ತುಂಬಾನೇ ತಪ್ಪಿದೆ" ಅಂದು ಬೈಸಿಕಲ್ಲು ಹತ್ತಿ ಹೋದ. ಅವನಿಗೆ ಎಷ್ಟು ಗೊತ್ತೋ ನನಗೆ ಗೊತ್ತಿಲ್ಲ.

ನನ್ನ ಹೆಗಲು ನೀಲಿಯಾಗಿದೆ, ಅದರ ಚಿಂತೆ ಇಲ್ಲ. ಚಿಂತೆ ಬೇರೆ. ನಾಲ್ಕೈದು ದಿನದಿಂದ ನಿನ್ನ ಕೆಲಸ ಕೆಡುತ್ತಿದೆ, ಕಲೆರ್ವೊ. ಶುಕ್ರವಾರದ ತೋಟೆಗಳ ಕತ್ತಿನ ಕೆಳಗೆ, ಹೆಗಲಿನ ಭಾಗದಲ್ಲಿ, ಕುಳಿ ಬಿದ್ದಿತ್ತು, ಜಿಡ್ಡು ಹೆಚ್ಚಾದರೆ ಬೀಳುವ ಕುಳಿ, ಹೊಸಬರ ಕೈಯಲ್ಲಿ ಬೀಳುವ ಕುಳಿ. ಭಾನುವಾರ ಒಂದರ ಕತ್ತು ಸೊಟ್ಟಗೆ ಮಡಚಿಕೊಂಡಿತ್ತು. ನಿನ್ನೆ ಹೋಗಿ ನೋಡಿದರೆ ಹಿಡಿ ಅರ್ಧಕ್ಕೇ ನಿಂತಿತ್ತು, ಜಿಡ್ಡು ಹಚ್ಚದೆ ತುರುಕಿದ ತೋಟೆ ಅಚ್ಚಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಿನ್ನ ಕೈಯಲ್ಲಿ ಹಾಳಾದ ಒಂದು ತೋಟೆಯನ್ನೂ ನಾನು ಈವರೆಗೆ ಕಂಡವಳಲ್ಲ. ಅದನ್ನು ಬಿಡಿಸಲು ಸುತ್ತಿಗೆ ಹಿಡಿದು ನಿಂತಾಗ ಕಳೆದ ಗುರುವಾರದ ನಿನ್ನ ಮುಖ ಕಣ್ಣಮುಂದೆ ಬಂತು. ಹಣೆಯ ಮೇಲೆ ಬೆವರು, ಹಲ್ಲು ಕಚ್ಚಿಕೊಂಡಿದ್ದೆ, ಅಂಗೈಯ ಚರ್ಮ ಕಿತ್ತು ಪಿರ್ಯೊ ಬಟ್ಟೆ ಸುತ್ತಿದ್ದಳು. ಜ್ವರದಲ್ಲೂ ಕೈ ನಿಲ್ಲುವುದಿಲ್ಲ, ಹಿಡಿದು ನಿಲ್ಲಿಸಿದರೆ ನರಳುತ್ತಾರೆ ಅಂದಳು. ನಾನು ನಿನ್ನನ್ನು ಉಳಿಸುತ್ತಿದ್ದೇನೋ, ಬಡಿದು ಬಡಿದು ದುಡಿಸುತ್ತಿದ್ದೇನೋ? ನಾನು ತಂದಿಟ್ಟರೆ ನೀನು ಬಿಡುವವನಲ್ಲ. ಎದುರಿಗಿರುವ ಕೆಲಸ ಮುಗಿಸದೆ ಊಟಕ್ಕೂ ಏಳದವನು. ಇದು ನಿನ್ನೆಯಷ್ಟೇ ಹೊಳೆಯಿತು.

ಅದಕ್ಕೇ ಇವತ್ತು ಬೇರೆ ರೀತಿ ಮಾಡಿದ್ದೇನೆ. ಬೆಳಿಗ್ಗೆ ಒಂದೇ ಒಂದು ಈಡು ಹಾರಿಸಿದೆ. ಅಚ್ಚನ್ನು ಬಿಡಿಸಿ ಒರೆಸಿ ಮತ್ತೆ ಕೂರಿಸಿ, ಆ ಒಂದು ಖಾಲಿ ತೋಟೆಯನ್ನು ಮೇಜಿನ ನಡುವೆ ನಿಲ್ಲಿಸಿದೆ. ಆಮೇಲೆ ಬೆಂಚಿನ ಮೇಲೆ ಕೂತು, ನೀನು ಎದುರಿಗಿದ್ದೀಯ ಅನ್ನುವ ಹಾಗೆ ಗಟ್ಟಿಯಾಗಿ ಹೇಳಿದೆ. "ಕಲೆರ್ವೊ, ಇನ್ನೂ ಇರ್ಬೇಕು ಅನ್ಸಿದ್ರೆ ಇದರ ಕತ್ತು ಬಿಗಿ ಮಾಡು. ನಾಳೆ ಇನ್ನಷ್ಟು ತರ್ತೀನಿ, ಗುರುವಾರ ಡಾಕ್ಟರ್ ಹತ್ರ ಔಷಧಿ ಕೊಡಿ ಅಂತ ಜಗಳ ಆಡ್ತೀನಿ. ಸಾಕು ಅನ್ಸಿದ್ರೆ ಮುಟ್ಬೇಡ. ನಾನು ಬೈಯಲ್ಲ." ಬೈಯುವುದಿಲ್ಲ ಅಂದೆ, ಆದರೆ ಇಲ್ಲಿ ನಿಜ ಹೇಳಿಬಿಡುತ್ತೇನೆ. ನೀನು ಬಿಗಿ ಮಾಡಬೇಕು ಎಂದೇ ನನಗೆ ಆಸೆ. ನಿನ್ನ ಮಾತು ಬೇಡ, ನಿನ್ನ ನಡಿಗೆ ಬೇಡ, ಅಂಗಳದ ಆಚೆಯಿಂದ ಆ ಟಿಣ್ ಅನ್ನುವ ಸದ್ದೊಂದು ದಿನಾ ಕೇಳಿಸಿದರೆ ಸಾಕು ಅನ್ನಿಸುತ್ತದೆ. ಒಂಟಿಯಾಗಿ ಕಾಫಿ ಮಾಡಿಕೊಳ್ಳುವುದು ಎಷ್ಟು ಕೆಟ್ಟದ್ದು ಎಂದು ನಿನಗೆ ಹೇಳಿ ಪ್ರಯೋಜನವಿಲ್ಲ, ನೀನು ಕಾಫಿ ಮಾಡಿದವನೇ ಅಲ್ಲ.

ಈ ಪತ್ರವನ್ನು ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಅಲ್ಲಿ ನಿಮ್ಮ ವಾರ್ಡಿನಲ್ಲಿ ಈಗ ಕಾಫಿಯ ಹೊತ್ತು. ಕಿಟಕಿಯಿಂದ ಸೌನಾದ ಬಾಗಿಲು ಕಾಣುತ್ತದೆ, ಪೆನಿಯೂ ಕಾಣುತ್ತದೆ. ಇಷ್ಟು ಹೊತ್ತು ತಲೆ ಕಾಲುಗಳ ಮೇಲಿಟ್ಟು ಮಲಗಿತ್ತು, ಈಗ ಎದ್ದು ಕೂತು ಕಿವಿ ನಿಮಿರಿಸಿದೆ. ಬಾಲ ಅಲ್ಲಾಡುತ್ತಿದೆ. ಒಳಗಿನಿಂದ ಹಿಡಿಯ ಸದ್ದು ಬರುತ್ತಿದೆ, ಆದರೆ ಎಂದಿನ ಲಯವಲ್ಲ, ಏನನ್ನೋ ತಿರುಪಿದ ಹಾಗೆ ಮೊದಲು ಒಂದು ಸದ್ದು ಬಂತು, ಆಮೇಲೆ ಒಂದೇ ಒಂದು ಸಲ ಉದ್ದಕ್ಕೆ, ನಿಧಾನಕ್ಕೆ ಎಳೆದ ಸದ್ದು. ಈಗ ನಿಂತಿದೆ. ಪತ್ರ ಮುಗಿಸಿಯೇ ಹೋಗುತ್ತೇನೆ.

ಯಲ್ಮಾರಿ ನಿನ್ನನ್ನು ಕೇಳಿದ್ದಾನೆ, ಅಂದರೆ ಬಾಗಿಲಲ್ಲಿ ನಿಂತು "ಅವನು ಹೇಗೆ?" ಅಂದು ಉತ್ತರ ಕೇಳದೆ ಹೋಗಿದ್ದಾನೆ. ತೂಲಿಕ್ಕಿ ಮತ್ತು ಮಗು ಗುರುವಾರ ನೇರವಾಗಿ ಆಸ್ಪತ್ರೆಗೇ ಬರುತ್ತಾರೆ. ದೇವರು ನಿನ್ನ ಎದೆಯನ್ನು ಹಗುರವಾಗಿಡಲಿ, ನಿನ್ನ ಬೆನ್ನಿಗೆ ನೋವು ಕೊಡದಿರಲಿ. ಪಿರ್ಯೊ, ನಿನಗೂ ಒಳ್ಳೆಯದಾಗಲಿ, ನಿನಗೊಂದು ಜಾಡಿ ಹಣ್ಣಿನ ಜಾಮು ತರುತ್ತೇನೆ, ಮೀನಿನ ವಾಸನೆಯದಲ್ಲ.

ನಿನ್ನ
ಹಿಲ್ಕಾ

ಮರೆತ ಮಾತು: ಅಂಚೆ ವ್ಯಾನು ದಾರಿಯ ತುದಿಯಲ್ಲಿ ನಿಂತಿದೆ, ಅಂಚೆಯವನು ಹಾರ್ನ್ ಹೊಡೆಯುತ್ತಿದ್ದಾನೆ. ಸೌನಾಕ್ಕೆ ಹೋಗಿ ನೋಡಿ ಬಂದೆ. ಅವಸರದಲ್ಲಿ ಗೀಚುತ್ತಿದ್ದೇನೆ, ಪಿರ್ಯೊ, ಅಕ್ಷರ ತಿಳಿಯದಿದ್ದರೆ ಊಹಿಸಿ ಓದು. ಕಲೆರ್ವೊ, ನೀನು ತೋಟೆಯನ್ನು ಮುಟ್ಟಿದ್ದೀಯ. ಸುಳ್ಳು ಯಾಕೆ ಹೇಳಲಿ, ದೂರದಿಂದ ಕಂಡಾಗ ಕುಣಿಯುವಷ್ಟು ಸಂತೋಷವಾಯಿತು. ಬೆಳಕಿಗೆ ಹಿಡಿದು ಎರಡು ಗೆರೆ ಹುಡುಕಿದೆ. ಇಲ್ಲ. ಪ್ರೆಸ್ಸಿನಲ್ಲಿ ಇರುವುದು ಇಡೀ ಮೈ ಹಿಂಡುವ ಅಚ್ಚು. ಕತ್ತಿನ ಅಚ್ಚನ್ನು ಬಿಚ್ಚಿ, ಒರೆಸಿ, ಬಟ್ಟೆಯ ಮೇಲೆ ಮಲಗಿಸಿದ್ದೀಯ. ನಂಬದೆ ಮನೆಗೆ ಓಡಿ ನನ್ನ ಕೋವಿ ತಂದು ಹಾಕಿ ನೋಡಿದೆ. ಕೂತಿತು ಕಲೆರ್ವೊ. ನಮ್ಮಪ್ಪನ ಕೋವಿಯಲ್ಲಿ ನಿನ್ನ ತೋಟೆ ಕೂತಿತು, ಬೋಲ್ಟು ಒಂದು ಬೆರಳಿಗೆ ಮುಚ್ಚಿಕೊಂಡಿತು. ಒಂದು ಕುಳಿ ಇಲ್ಲ, ಒಂದು ಗೀರಿಲ್ಲ, ಇಷ್ಟು ಚೆನ್ನಾಗಿ ನೀನು ಎಂದೂ ಮಾಡಿರಲಿಲ್ಲ. ಆಯಿತು, ಈಸಕ್ಕಿಯ ಹಾಗೆ ನೀನೂ ನನ್ನ ಅಂಗೈಗೆ ಇಟ್ಟೆ, ನನಗೆ ಅರ್ಥವಾಯಿತು, ನಾನು ತೆಗೆದುಕೊಂಡೆ. ಗುರುವಾರ ಡಾಕ್ಟರಿಗೆ ಔಷಧಿ ಬೇಡ ಅನ್ನುತ್ತೇನೆ. ಆಮೇಲೆ ನಿನ್ನ ಪಕ್ಕದಲ್ಲಿ ಕೂರುತ್ತೇನೆ, ಎಷ್ಟು ದಿನವಾದರೂ ಊರಿಗೆ ಹೋಗುವುದಿಲ್ಲ. ಪಿರ್ಯೊ, ಇದನ್ನು ಓದಿ ಮುಗಿಸಿದ ಮೇಲೆ ಅವನ ಬಲಗೈಯನ್ನು ಹೊದಿಕೆಯೊಳಗೆ ಸೇರಿಸಿಡು. ಇನ್ನು ಕೆಲಸ ಇಲ್ಲ ಅಂತ ಹೇಳು.